ದಾಕ್ಷಾಯಣಿಯ ದಣಿವು

ನಮ್ಮ ಊರಲ್ಲಿ ಸಂಜೆಯ ಹೊತ್ತಿಗೆ ಯಾವ ಓಣಿಗೆ ಹೋದರೂ ಕಟ್ಟೆಗಳ ಮೇಲೆ ಇಬ್ಬಿಬ್ಬರು ಎದುರುಬದುರು ಕೂತಿರುವುದು ಕಾಣುತ್ತದೆ. ಒಬ್ಬರು ಅಂಗೈಗಳನ್ನು ಚಾಚಿರುತ್ತಾರೆ, ಇನ್ನೊಬ್ಬರು ಅವುಗಳ ಮೇಲೆ ತಮ್ಮ ಅಂಗೈಗಳನ್ನು ಇಡುತ್ತಾರೆ. ಚಾಚಿದವರು 'ನನ್ನ ಕಡೆ ಬರಲಿ' ಎಂದರೆ ಸಾಕು, ಇಟ್ಟವರ ದಣಿವು ಇಳಿದು ಹೋಗುತ್ತದೆ. ಇಳಿಸಿಕೊಂಡವರು ಮನೆಗೆ ಹೋಗಿ ಒಂದು ನಿದ್ದೆ ಮಾಡಿದರೆ ಅದು ಕರಗುತ್ತದೆ. ಕಲ್ಲುಗಣಿಯಿಂದ ಬಂದ ಮಗಳ ದಣಿವನ್ನು ತಾಯಿ ಇಳಿಸಿಕೊಳ್ಳುತ್ತಾಳೆ. ಮದುವೆಯ ಅಡುಗೆ ಮಾಡಿದವರ ದಣಿವನ್ನು ಉಂಡು ಕೂತ ಬೀಗರು ಹಂಚಿಕೊಳ್ಳುತ್ತಾರೆ. ಜಗಳವಾಡಿ ಮಾತು ಬಿಟ್ಟವರು ಮತ್ತೆ ಕೂಡಬೇಕೆಂದರೆ ಮೊದಲು ಅಂಗೈ ಚಾಚುತ್ತಾರೆ, ಮಾತು ಆಮೇಲೆ.

ಇದಕ್ಕೆ ಎರಡು ಕಟ್ಟಳೆಗಳಿವೆ. ಕಾಯಿಲೆ ಬಿದ್ದವರ ದಣಿವನ್ನು ಇಳಿಸಿಕೊಳ್ಳಬಾರದು ಎಂಬುದು ಮೊದಲನೆಯದು. ನನ್ನ ಅಜ್ಜಿ ಹೇಳುತ್ತಿದ್ದಳು: ಜ್ವರ ಬಂದ ನೇಕಾರನೊಬ್ಬನ ದಣಿವನ್ನು ಅವನ ಹೆಂಡತಿ ಪ್ರೀತಿಯಿಂದ ಇಳಿಸಿಕೊಂಡಳಂತೆ. ಅವನು ಹೂವಿನ ಹಾಗೆ ಹಗುರಾಗಿ ಎದ್ದು ಮಗ್ಗಕ್ಕೆ ಕೂತನಂತೆ. ಸಂಜೆಗೆ ಸೀರೆಯ ಸೆರಗು ಮುಗಿದಿತ್ತು, ಅವನೂ ಮುಗಿದಿದ್ದ. ಎರಡನೆಯದು, ಹೊತ್ತದ್ದನ್ನು ಆಡಬಾರದು. ನಿನ್ನ ದಣಿವು ಇಷ್ಟು ಭಾರವಿತ್ತು, ಹೀಗಿತ್ತು ಎಂದು ಹೇಳಿದರೆ ಕೊಟ್ಟವರು ಕುಗ್ಗುತ್ತಾರೆ, ಮತ್ತೆ ಕೊಡಲು ಬರುವುದಿಲ್ಲ. ಹೊತ್ತವರು ಬಾಯಿ ಮುಚ್ಚಿಕೊಂಡು ಮನೆಗೆ ಹೋಗಬೇಕು. ನಾವೆಲ್ಲ ಈ ಎರಡನ್ನೂ ಅಕ್ಷರ ಕಲಿಯುವ ಮೊದಲೇ ಕಲಿತವರು.

ನಾನು ನೀಲಗಂಗಾ. ಊರ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ದಾದಿಯಾಗಿದ್ದೇನೆ. ಕಳೆದ ಹತ್ತು ವರ್ಷಗಳಿಂದ ಯಾರು ಯಾವ ಪಾಳಿಗೆ, ಯಾವ ಕೋಣೆಗೆ ಎಂದು ಕರಿಹಲಗೆಯ ಮೇಲೆ ಬರೆಯುವ ಕೆಲಸವೂ ನನ್ನದೇ. ಎಲ್ಲರಿಗೂ ನಾನು ದೊಡ್ಡ ಸಿಸ್ಟರ್. ನಮ್ಮ ಆಸ್ಪತ್ರೆ ಒಂದು ಕಾಲಕ್ಕೆ ಅರಳೆ ಮಿಲ್ಲಾಗಿತ್ತು. ಈಗಲೂ ಜೋರು ಗಾಳಿ ಬೀಸಿದರೆ ಜಂತಿಯ ಸಂದಿಯಿಂದ ಒಂದೆರಡು ಎಳೆ ಹತ್ತಿ ತೇಲಿ ಬಂದು ರೋಗಿಗಳ ಹೊದಿಕೆಯ ಮೇಲೆ ಕೂರುತ್ತದೆ.

ಬೇವಿನ ಹೂವು ಉದುರುವ ಕಾಲಕ್ಕೆ ಕೆಮ್ಮುಜ್ವರ ಬಂತು. ಮೊದಲ ವಾರ ಆರು ಜನ, ಎರಡನೆಯ ವಾರ ಮೂವತ್ತು. ಮೂರನೆಯ ವಾರಕ್ಕೆ ನಮ್ಮ ನಲವತ್ತು ಮಂಚಗಳ ಆಸ್ಪತ್ರೆಯಲ್ಲಿ ತೊಂಬತ್ತು ಜನ ಮಲಗಿದ್ದರು. ಶಾಲೆಯ ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದೆವು. ಹಳೆಯ ಗೋದಾಮನ್ನು ಸುಣ್ಣ ಬಳಿದು ಉಸಿರಿನ ಕೋಣೆ ಮಾಡಿದೆವು. ಆಮ್ಲಜನಕ ಬೇಕಾದವರೆಲ್ಲ ಅಲ್ಲಿ. ಬಸುರಿಯರಿಬ್ಬರನ್ನು ಮನೆಗೆ ಕಳಿಸಿದ ಮೇಲೆ ಉಳಿದ ದಾದಿಯರು ಏಳು, ಆಳುಗಳು ಆರು, ಡಾಕ್ಟರ್ ಒಬ್ಬರೇ. ಡಾಕ್ಟರ್ ಮಹಾಂತಯ್ಯ ಒಂದು ಮಧ್ಯಾಹ್ನ ನನ್ನ ಹಲಗೆಯ ಮುಂದೆ ನಿಂತು, "ಸಿಸ್ಟರ್, ಹಿಂಗಾದ್ರ ಇನ್ನ ಮೂರು ದಿನ ಅಷ್ಟ. ಆಮ್ಯಾಲೆ ಅವರ ಬಾಜೂಕ ನಾವೂ ಮಲಗೂದು" ಅಂದರು. ಹೇಳುತ್ತ ಹೇಳುತ್ತ ಗೋಡೆಗೆ ಒರಗಿ ಕಣ್ಣು ಮುಚ್ಚಿದವರು ಸ್ವಲ್ಪ ಹೊತ್ತು ತೆರೆಯಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತಾಗ ನನಗೆ ಆ ವಿಚಾರ ಹೊಳೆಯಿತು. ಊರು ಸುಮ್ಮನೆ ಮನೆಯಲ್ಲಿ ಕೂತಿದೆ. ಇಷ್ಟು ಅಂಗೈಗಳಿವೆ. ನಮ್ಮ ದಣಿವನ್ನು ಊರು ಇಳಿಸಿಕೊಂಡರೆ ಏಳು ಜನರೇ ಹದಿನಾಲ್ಕು ಜನರ ಕೆಲಸ ಮಾಡಬಹುದಲ್ಲ! ಆದರೆ ಜ್ವರ ಕೈಯಿಂದ ಕೈಗೆ ದಾಟುವಂಥದ್ದು, ಮುಟ್ಟುವ ಹಾಗಿಲ್ಲ. ಅದಕ್ಕೆ ದಾರಿ ತೋರಿಸಿದವಳು ಹುಸೇನಬಿ. ಆಕೆ ಗಾದಿ ತುಂಬುವವಳು, ಅರವತ್ತು ದಾಟಿದವಳು, ಊರಿಗೆಲ್ಲ ಚಾಚಿ, ಅಂದರೆ ಚಿಕ್ಕಮ್ಮ. ಹತ್ತಿಯ ಚೀಲವನ್ನು ಎತ್ತಿದ ಕೂಡಲೇ ತೂಕ ಹೇಳುತ್ತಿದ್ದಳು, ತಕ್ಕಡಿಯನ್ನು ಮನೆಯಲ್ಲಿ ಇಟ್ಟವಳೇ ಅಲ್ಲ. ನನ್ನ ವಿಚಾರ ಕೇಳಿ, ಆಸ್ಪತ್ರೆಯ ಹಿತ್ತಿಲ ಗೋಡೆಯ ಆಚೆ ನಿಂತು ಒಂದು ಬಟ್ಟೆಯ ತುದಿಯನ್ನು ಈಚೆ ಎಸೆದಳು. ಕೆಂಪು ಪಟ್ಟೆಯ ಗಾದಿ ಬಟ್ಟೆ, ಹತ್ತು ಮೊಳ ಉದ್ದ. "ಆ ತುದಿ ಹಿಡೀರಿ. ನಾ ಈ ತುದಿ ಹಿಡೀತೀನಿ. ಆಮ್ಯಾಲೆ ಕುದಿಯೋ ನೀರಿಗೆ ಹಾಕಿಬಿಡ್ರಿ."

ಸಿಲಿಂಡರು ಹೊರುವ ದುರ್ಗಪ್ಪನಿಗೆ ನಂಬಿಕೆಯಿರಲಿಲ್ಲ. "ಬಟ್ಟಿಯೊಳಗ ದಣಿವು ಹೋಗಾಕ ಅದೇನು ನಳದ ನೀರೇನ್ರಿ?" ಎನ್ನುತ್ತಲೇ ತುದಿ ಹಿಡಿದ. ಆಚೆಯಿಂದ ಹುಸೇನಬಿ 'ನನ್ನ ಕಡೆ ಬರಲಿ' ಅಂದಳು. ದುರ್ಗಪ್ಪ ಒಮ್ಮೆ ಬಗ್ಗಿದ, ಎದ್ದ, ತಿರುಗಿದ. "ಅಬ್ಬಬ್ಬ! ನನ್ನ ಟೊಂಕ ಮದುವಿಗಿಂತ ಮುಂಚಿನ ಟೊಂಕ ಆತು ನೋಡ್ರಿ! ಚಾಚಿ, ಹೆಚ್ಚಾತೇನ?" ಹುಸೇನಬಿ ಕಟ್ಟಳೆಯಂತೆ ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು ಹಿಡಿದು ಮನೆಯ ಕಡೆ ನಡೆದಳು.

ಹೀಗೆ ಶುರುವಾಯಿತು. ಬೆಳಿಗ್ಗೆ ಮತ್ತು ಸಂಜೆ ಹಿತ್ತಿಲ ಗೋಡೆಯ ಆಚೆ ಜನ ಸಾಲಾಗಿ ನಿಲ್ಲುತ್ತಿದ್ದರು. ಬಣ್ಣಗಾರರ ಓಣಿಯವರು ತಾಮ್ರದ ಹಂಡೆ ತಂದು ಒಲೆ ಹೂಡಿದರು, ಬಟ್ಟೆ ಕುದಿಸಲು. ನಾನು ಹಲಗೆಯ ಮೇಲೆ ಕೋಣೆ, ಪಾಳಿ, ಹೆಸರುಗಳ ಪಕ್ಕಕ್ಕೆ ಇನ್ನೊಂದು ಸಾಲು ಎಳೆದು ಹೊರುವವರ ಹೆಸರು ಬರೆದೆ. ಭಾರ ಎತ್ತುವ ಆಳುಗಳಿಗೆ ಗಟ್ಟಿಮುಟ್ಟಾದವರು, ದಾದಿಯರಿಗೆ ಹೆಂಗಸರು, ಡಾಕ್ಟರಿಗೆ ನಿವೃತ್ತ ಮಾಸ್ತರು ಶರಭಯ್ಯನವರು. ಅವರಿಗೆ ಹಗಲು ನಿದ್ದೆ ಚೆನ್ನಾಗಿ ಬರುತ್ತಿತ್ತು. ನಮ್ಮವರು ಹದಿನಾರು ತಾಸು ನಿಂತು ಕೆಲಸ ಮಾಡಿ, ಗೋಡೆಯ ಹತ್ತಿರ ಹೋಗಿ ಬಟ್ಟೆ ಹಿಡಿದು, ಈಗಷ್ಟೇ ಮಿಂದು ಬಂದವರ ಹಾಗೆ ಮರಳುತ್ತಿದ್ದರು. ಮೂರು ತಾಸು ಮಲಗಿದರೆ ಹೆಚ್ಚು. ತೊಂಬತ್ತು ಜನರಿಗೂ ಹೊತ್ತಿಗೆ ಸರಿಯಾಗಿ ಔಷಧಿ, ಗಂಜಿ, ಬದಲಿ ಹಾಸಿಗೆ ಸಿಗುತ್ತಿತ್ತು. ದಿನಾ ಪೂಜೆಯಲ್ಲಿ ಕೈ ಮುಗಿದು, ಶಿವನೇ ಈ ಉಪಾಯವನ್ನು ನನ್ನ ಕೈಯಿಂದ ಮಾಡಿಸಿದೆಯಲ್ಲ ಅನ್ನುತ್ತಿದ್ದೆ. ಅದು ಹೆಮ್ಮೆ ಎಂದು ಈಗ ಗೊತ್ತಾಗುತ್ತದೆ. ಆಗ ಭಕ್ತಿ ಅಂದುಕೊಂಡಿದ್ದೆ.

ಉಸಿರಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ದಾಕ್ಷಾಯಣಿ. ಮೂವತ್ತರ ಹೆಣ್ಣುಮಗಳು, ನನ್ನ ಕೈಕೆಳಗೆ ಕೆಲಸ ಕಲಿತವಳು. ಸಿಲಿಂಡರಿನ ಸುಯ್ಯೆನ್ನುವ ಸಪ್ಪಳ ಕೇಳಿಯೇ ಇದು ಇನ್ನೊಂದು ತಾಸಿಗೆ ಮುಗಿಯುತ್ತದೆ ಎಂದು ಹೇಳುತ್ತಿದ್ದಳು. ಇಪ್ಪತ್ತೆರಡು ಜನ ಅವಳ ಕಿವಿಯನ್ನು ನಂಬಿ ಉಸಿರಾಡುತ್ತಿದ್ದರು ಅಂದರೂ ತಪ್ಪಿಲ್ಲ. ಬೋರಲು ಮಲಗಲು ಒಲ್ಲೆ ಎನ್ನುವ ಗಂಗಯ್ಯಜ್ಜನಿಗೆ, "ಅಜ್ಜಾ, ಬೋರಲು ಮಲಗ್ತೀಯೋ ಇಲ್ಲೋ? ಇಲ್ಲಂದ್ರ ನಿನ್ನ ಪಾಲಿನ ಹೋಳಿಗಿ ನಾನ ತಿಂತೀನಿ ನೋಡು" ಎಂದು ಹೆದರಿಸುತ್ತಿದ್ದಳು. "ಎಲ್ಲೈತೆ ಹೋಳಿಗಿ, ದಿನಾ ಗಂಜಿ ಹಾಕ್ತೀಯಲ್ಲ" ಎಂದು ಅಜ್ಜ ಗೊಣಗುತ್ತಲೇ ಮಗ್ಗುಲು ಬದಲಿಸುತ್ತಿದ್ದ. ಅವಳ ದಣಿವನ್ನು ಹೊರುತ್ತಿದ್ದವಳು ಹುಸೇನಬಿ.

ಬಟ್ಟೆ ಹಿಡಿಯಲು ಶುರುವಾಗಿ ಇಪ್ಪತ್ತು ದಿನವಾಗಿತ್ತು. ಆ ಸಂಜೆ ದಾಕ್ಷಾಯಣಿ ಬಟ್ಟೆ ಬಿಟ್ಟು ಒಳಗೆ ಹೋದ ಮೇಲೂ ಹುಸೇನಬಿ ಹೋಗಲಿಲ್ಲ. ಗೋಡೆಯ ಆಚೆಯೇ ನಿಂತಿದ್ದಳು.

"ದೊಡ್ಡ ಸಿಸ್ಟರ್, ಒಂದ್ ಮಾತಿತ್ತು."

"ಹೇಳ್ರಿ ಚಾಚಿ."

"ಆ ಹುಡುಗೀದು... ನಿನ್ನೀದೂ ಇವತ್ತಿಂದೂ ಒಂಥರಾ..."

ನಾನು ಕೈ ಎತ್ತಿ ತಡೆದೆ. "ಚಾಚಿ, ಹೊತ್ತದ್ದು ಆಡೂದು ಬ್ಯಾಡ. ನಿಮಗ ಭಾರ ಆಗಿದ್ರ ಅಷ್ಟ ಹೇಳ್ರಿ, ಬ್ಯಾರೆಯವರನ್ನ ಹಚ್ತೀನಿ."

ಆಕೆಯ ಮುಖ ಸಣ್ಣದಾಯಿತು. "ಭಾರ ಅಂತಲ್ಲವ್ವ," ಅಂದಳು. ಆಮೇಲೆ ಹೋದಳು. ಪಾಪ, ವಯಸ್ಸಾದ ಜೀವ, ಸೋತಿದ್ದಾಳೆ ಎಂದು ನಾನು ಅಂದುಕೊಂಡೆ. ಒಳಗೆ ಬಂದು ಹಲಗೆಯ ಮೇಲೆ ಅವಳ ಹೆಸರಿನ ಪಕ್ಕ ಇನ್ನೊಬ್ಬಳ ಹೆಸರು ಬರೆದೆ, ಇಬ್ಬರೂ ಅರ್ಧರ್ಧ ಹೊರಲಿ ಎಂದು. ಬರೆದು ಸೀಮೆಸುಣ್ಣದ ಕೈ ಒರೆಸಿಕೊಂಡೆ. ಆ ಕೈ ಒರೆಸಿಕೊಂಡದ್ದು ಈಗಲೂ ನೆನಪಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತರ ಹೊತ್ತಿಗೆ ದಾಕ್ಷಾಯಣಿ ಸಿಲಿಂಡರಿನ ತಿರುಪು ಬಿಗಿಯುವ ಪಾನಾ ಕೈಯಲ್ಲಿ ಹಿಡಿದುಕೊಂಡೇ ಬಿದ್ದಳು. ಕಬ್ಬಿಣದ ಸಪ್ಪಳ ಕೇಳಿ ಓಡಿದೆವು. ಡಾಕ್ಟರು ಮೊಣಕಾಲೂರಿ ಅವಳ ಬೆರಳು ಹಿಡಿದು ನೋಡಿದರು, ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಆಲಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಸಿಸ್ಟರ್, ಇದು ಇವತ್ತಿನ ಜ್ವರ ಅಲ್ಲ. ನಾಕು ದಿನದ್ದು. ಎದಿ ಎರಡೂ ಕಡೆ ಕಟ್ಟೈತಿ. ಈಕಿ ಇಷ್ಟು ದಿನ ಹ್ಯಾಂಗ ನಿಂತಿದ್ಲು?"

ಹೇಗೆ ನಿಂತಿದ್ದಳೆಂದು ನನಗೆ ಆ ಕ್ಷಣಕ್ಕೆ ತಿಳಿಯಿತು. ಈ ಜ್ವರ ಮೊದಲು ಬರುವುದು ಮೈ ಬಿಸಿಯಾಗಿ ಅಲ್ಲ, ಸುಸ್ತಾಗಿ. ಬಾಗಿಲಲ್ಲಿ ಕೂತು ಬಂದವರನ್ನೆಲ್ಲ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಯೇ 'ಸುಸ್ತು ಎಷ್ಟು ದಿನದಿಂದ?' ಎಂಬುದಾಗಿತ್ತು. ನನ್ನ ಜೊತೆ ನಿಂತವರನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಅವರಿಗೆ ಸುಸ್ತು ಇರುತ್ತಲೇ ಇರಲಿಲ್ಲವಲ್ಲ, ದಿನಕ್ಕೆ ಎರಡು ಸಲ ಗೋಡೆಯ ಆಚೆ ಹೋಗುತ್ತಿತ್ತು. ಕಾಯಿಲೆಯವರ ದಣಿವನ್ನು ಇಳಿಸಿಕೊಳ್ಳಬಾರದೆಂದು ಬಲ್ಲ ಊರು, ನಾಲ್ಕು ದಿನ ಅದನ್ನೇ ಮಾಡಿತ್ತು. ಸಾಲು ನಿಲ್ಲಿಸಿ ಮಾಡಿಸಿದವಳು ನಾನು. ಅಜ್ಜಿ ಹೇಳಿದ ನೇಕಾರನ ಹೆಂಡತಿ ನಾನೇ ಆಗಿದ್ದೆ.

ಆ ಸಂಜೆ ಹುಸೇನಬಿಯ ಅಂಗಳಕ್ಕೆ ಹೋಗಿ ದೂರ ನಿಂತೆ. ಆಕೆ ಹತ್ತಿಯ ರಾಶಿಯ ನಡುವೆ ಸುಮ್ಮನೆ ಕೂತಿದ್ದಳು. ಸುದ್ದಿ ಮುಟ್ಟಿತ್ತು.

"ಚಾಚಿ, ಅವತ್ತು ಏನು ಹೇಳಾಕ ಬಂದಿದ್ರಿ?"

"ಕೆಲಸದ ದಣಿವು ಬಟ್ಟಿಯೊಳಗ ಬೆಚ್ಚಗ ಬರ್ತೈತಿ ಸಿಸ್ಟರ್. ಬಿಸಲಾಗ ಒಣಗಿದ ಹತ್ತಿ ಹಂಗ. ಆಕೀದು ತಣ್ಣಗ ಬಂತು. ಹಸಿ ಹತ್ತಿ ಹಂಗ ಕೈಗೆ ಅಂಟಿಕೊಳ್ತಿತ್ತು. ನಿದ್ದಿ ಮಾಡಿ ಎದ್ರೂ ಕರಗಲಿಲ್ಲ."

ಆಕೆ ಮುಂದುವರಿಸಿದಳು: "ನೀ ಕೈ ಎತ್ತಿದಿ, ಖರೆ. ಆದ್ರ ಮರುದಿನ ನಾ ಮತ್ತ ಬಂದು ಹೇಳಬಹುದಿತ್ತಲ್ಲ. ದೊಡ್ಡವರು ಬ್ಯಾಡ ಅಂದ್ರು, ನನಗ್ಯಾಕ ಅಂತ ಸುಮ್ಮನಾದ್ನಿ. ಇದರಾಗ ಅರ್ಧ ನಂದೈತಿ. ಎಲ್ಲಾ ನೀನ ಹೊರಬ್ಯಾಡ." ಹತ್ತಿಯ ಒಂದು ಉಂಡೆಯನ್ನು ತೆಗೆದುಕೊಂಡು ಎಳೆ ಬಿಡಿಸತೊಡಗಿದಳು. ಎರಡು ಸಲ ದೇವರ ಹೆಸರು ಕೇಳಿಸಿತು. ಒಂದು ಅವಳ ಬಾಯಿಂದ, ಒಂದು ನನ್ನ ಬಾಯಿಂದ.

ಮರುದಿನ ಬೆಳಿಗ್ಗೆ ಸಾಲು ಎಂದಿನಂತೆ ಬಂದು ನಿಂತಿತು. ನಾನು ಬಟ್ಟೆಗಳನ್ನು ಕೊಡಲಿಲ್ಲ. ಗೋಡೆಯ ಹತ್ತಿರ ಸ್ಟೂಲು ಹಾಕಿಕೊಂಡು ಹತ್ತಿ ನಿಂತು, ನಡೆದದ್ದನ್ನು ನಡೆದ ಹಾಗೆ ಹೇಳಿದೆ, ನಾನು ಕೈ ಎತ್ತಿದ್ದನ್ನೂ ಸೇರಿಸಿ. "ಇವತ್ತ ಒಂದು ದಿನ ಹೊತ್ತದ್ದನ್ನ ಆಡ್ರಿ. ಯಾರದು ಹ್ಯಾಂಗಿತ್ತು, ಬಿಚ್ಚಿ ಹೇಳ್ರಿ."

ಶರಭಯ್ಯ ಮಾಸ್ತರು ಕೋಲೂರಿ ಮುಂದೆ ಬಂದರು. "ಸಿಸ್ಟರ್, ಹಿರೇರು ಕಟ್ಟಿದ ಮಾತು. ಇವತ್ತ ನಾವು ಆಡಿದ್ರ, ನಾಳೆ ಯಾರು ನಂಬಿ ದಣಿವು ಕೊಡ್ತಾರ?"

"ಮಾಸ್ತರ, ಆ ಕಟ್ಟಳಿ ಕೊಟ್ಟವರ ಮಾನ ಕಾಯಾಕ ಐತಿ. ಇನ್ನೊಂದು ಜೀವ ಕಾಯಾಕ ಐತಿ. ಎರಡೂ ಒಮ್ಮೆಲೆ ಕಾಯಾಕ ನನಗ ಬರವಲ್ದು. ನಿಮಗ ಬರ್ತಿದ್ರ ಹೇಳ್ರಿ, ನಿಮ್ಮ ಮಾತು ಕೇಳ್ತೀನಿ."

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, "ಡಾಕ್ಟರದು ಬೆಚ್ಚಗೈತಿ. ಭಾಳ ಐತಿ, ಆದ್ರ ಬೆಚ್ಚಗೈತಿ" ಅಂದರು. ಅಷ್ಟು ಸಾಕಾಯಿತು. ಒಬ್ಬೊಬ್ಬರೇ ಹೇಳತೊಡಗಿದರು, ತಪ್ಪು ಒಪ್ಪಿಕೊಳ್ಳುವವರ ಹಾಗೆ ಸಣ್ಣ ದನಿಯಲ್ಲಿ. ದುರ್ಗಪ್ಪನ ದಣಿವು ಹೊರುತ್ತಿದ್ದ ಗಣಿಯವನು, "ನಿನ್ನಿ ಸಂಜಿ ತಣ್ಣಗಿತ್ರಿ" ಅಂದ.

"ಏ, ನನಗೇನಾಗೈತಿ? ಗುಂಡುಕಲ್ಲ ಇದ್ದಂಗ ಇದೀನಿ!" ಎಂದು ದುರ್ಗಪ್ಪ ಎದೆ ತಟ್ಟಿಕೊಂಡ. ಡಾಕ್ಟರು ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಗುಂಡುಕಲ್ಲಿಗೆ ಸಂಜೆಯ ಹೊತ್ತಿಗೆ ಜ್ವರ ಬಂತು. ಇನ್ನೂ ಇಬ್ಬರು ದಾದಿಯರದೂ ತಣ್ಣಗಿತ್ತು. ಮೂವರನ್ನೂ ಅವತ್ತೇ ಮಲಗಿಸಿದೆವು. ಬೇಗ ಮಲಗಿದ್ದಕ್ಕೆ ಮೂವರೂ ಬೇಗ ಎದ್ದರು.

ಆದರೆ ಅವತ್ತು ಹಲಗೆಯ ಮುಂದೆ ನಿಂತಾಗ ನನ್ನ ಕೈಯಲ್ಲಿದ್ದ ದಾದಿಯರು ನಾಲ್ಕೇ. ಒಳಗೆ ತೊಂಬತ್ತು ಜನ. ಹೊರುವವರ ಸಾಲನ್ನು ಪೂರಾ ಒರೆಸಿಬಿಟ್ಟೆ. ಇನ್ನು ಮೇಲೆ ಯಾರ ಪಾಳಿಯೂ ಎಂಟು ತಾಸು ದಾಟಬಾರದು, ಅವರವರ ದಣಿವು ಅವರವರೇ ಮಲಗಿ ಕಳೆದುಕೊಳ್ಳಬೇಕು ಎಂದು ಬರೆದೆ. "ಹಂಗಾದ್ರ ಕೆಲಸ ಯಾರು ಮಾಡ್ತಾರ್ರಿ?" ಎಂದು ಡಾಕ್ಟರು ಕೇಳಿದರು. ನಾನು ಕಿಟಕಿಯ ಆಚೆ ತೋರಿಸಿದೆ. ನಮ್ಮ ದಣಿವು ಹೊತ್ತು ಮಲಗುತ್ತಿದ್ದ ನಲವತ್ತು ಜನ ಈಗ ಖಾಲಿ ಕೈಯಲ್ಲಿ, ಎಚ್ಚರವಾಗಿ ನಿಂತಿದ್ದರು. ಅವರಲ್ಲಿ ಜ್ವರ ಬಂದು ಹೋದವರೂ ಇದ್ದರು. ಅವರಿಗೆ ಅದು ಮತ್ತೆ ಬರುತ್ತಿರಲಿಲ್ಲ. ಅಂಥವರನ್ನು ಒಳಗೆ ಕರೆದು, ಬೋರಲು ಮಲಗಿಸುವುದನ್ನೂ ಗಂಜಿ ಕುಡಿಸುವುದನ್ನೂ ಕಲಿಸಿದೆ. ಉಳಿದವರು ಹೊರಗೇ ನಿಂತು ಬಟ್ಟೆ ಕುದಿಸಿದರು, ಅಡುಗೆ ಮಾಡಿದರು. ಸಿಲಿಂಡರಿನ ಸಪ್ಪಳ ಕೇಳಿ ಅಳೆಯುವುದು ಯಾರಿಗೂ ಬರಲಿಲ್ಲ. ಅದಕ್ಕೆ ಮಾಸ್ತರು ಅಂಗಳದಲ್ಲಿ ಕೂತು ಗಡಿಯಾರ ನೋಡಿ ಗಂಟೆ ಬಾರಿಸುತ್ತಿದ್ದರು, ಬಾರಿಸಿದಾಗಲೆಲ್ಲ ಒಬ್ಬರು ಹೋಗಿ ಸಿಲಿಂಡರಿನ ಒತ್ತಡದ ಮುಳ್ಳು ನೋಡಿ ಬರುತ್ತಿದ್ದರು. ಕೆಲಸ ಮೊದಲಿನಷ್ಟು ಚೊಕ್ಕವಾಗಿರಲಿಲ್ಲ. ಒಮ್ಮೊಮ್ಮೆ ಗಂಜಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ದಾಕ್ಷಾಯಣಿ ಅವಳದೇ ಉಸಿರಿನ ಕೋಣೆಯಲ್ಲಿ, ಗಂಗಯ್ಯಜ್ಜನ ಪಕ್ಕದ ಮಂಚದಲ್ಲಿ ಮಲಗಿದ್ದಳು. ಇಳಿಸಿಕೊಳ್ಳುವವರಿಲ್ಲದೆ ದಣಿವೆಲ್ಲ ಒಮ್ಮೆಲೇ ಅವಳ ಮೇಲೆ ಬಂದು ಕೂತಿತ್ತು. ಐದನೆಯ ದಿನ ನಾನು ಪಕ್ಕದಲ್ಲಿ ಕೂತಿದ್ದಾಗ ಅವಳ ಕೈ ಹೊದಿಕೆಯ ಕೆಳಗಿನಿಂದ ನಿಧಾನವಾಗಿ ಹೊರಗೆ ಬಂತು.

"ಅಕ್ಕಾ, ಒಂದೀಟು ತಗೋ. ಒಂದ ಹಿಡಿ. ತಡಕೊಳ್ಳಾಕ ಆಗವಲ್ದು."

ಹುಟ್ಟಿದಾಗಿನಿಂದ ಯಾರಾದರೂ ಹಾಗೆ ಕೈ ತಂದರೆ ಅದರ ಕೆಳಗೆ ಅಂಗೈ ತಾನಾಗಿ ಚಾಚಿಕೊಳ್ಳುತ್ತದೆ, ನಮ್ಮ ಊರವರಿಗೆ ಅದು ರೆಪ್ಪೆ ಬಡಿದ ಹಾಗೆ. ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿ ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೆ. "ಬ್ಯಾಡವ್ವ. ಅದು ನಿನ್ನ ಮಲಗಸಾಕ ಬಂದೈತಿ. ಅದು ಹೇಳಿದಂಗ ಕೇಳು." ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿತ್ತು. ಕೈ ಬಹಳ ಹೊತ್ತು ಗಾಳಿಯಲ್ಲಿತ್ತು, ಆಮೇಲೆ ತಾನಾಗಿ ಕೆಳಗೆ ಬಿತ್ತು. ಅವಳು ಕಣ್ಣು ಮುಚ್ಚಿದಳು. ಶಿವನೇ, ನೀನು ಕೊಟ್ಟ ದಣಿವನ್ನು ನಾನು ಕಸದ ಹಾಗೆ ಗೋಡೆಯ ಆಚೆ ಹಾಕಿಸಿದೆ, ಈಗ ನೀನೇ ಕಾಯಬೇಕು ಎಂದು ಬೇಡಿಕೊಂಡೆ. ಬೇರೆ ಪ್ರಾರ್ಥನೆ ಬರಲಿಲ್ಲ.

ಒಂಬತ್ತನೆಯ ದಿನ ಮಾಸ್ತರು ಮಧ್ಯಾಹ್ನದ ಮೂರು ಗಂಟೆ ಬಾರಿಸುವಾಗ ಅವಳು ಕಣ್ಣು ತೆರೆದಳು. ಎರಡು ದಿನ ಒಂದೇ ಸಮ ನಿದ್ದೆ ಹೋಗಿದ್ದಳು. ತಲೆ ಸ್ವಲ್ಪ ಹೊರಳಿಸಿ ಕೇಳಿಸಿಕೊಂಡು, "ಅಕ್ಕಾ, ಮೂರನೇ ಸಿಲಿಂಡರ್ ಮುಗಿಯಾಕ ಬಂತು" ಅಂದಳು. ಓಡಿ ಹೋಗಿ ನೋಡಿದರೆ ಮುಳ್ಳು ಕೆಳಗಿಳಿದಿತ್ತು. ಮರಳಿ ಬಂದಾಗ ಗಂಗಯ್ಯಜ್ಜ ಮಂಚದ ಮೇಲೆ ಎದ್ದು ಕೂತು ಅವಳನ್ನು ಗದರಿಸುತ್ತಿದ್ದ: "ಬೋರಲು ಮಲಗ್ತೀಯೋ ಇಲ್ಲೋ? ನಿನ್ನ ಪಾಲಿನ ಹೋಳಿಗಿ ಯಾರು ತಿಂತಾರ ಗೊತ್ತೈತಲ್ಲ?" ನಾನು ಹೊರಗೆ ಬಂದು ಹಂಡೆಯ ಹತ್ತಿರ ನಿಂತೆ. ಹೊಗೆ ಕಣ್ಣಿಗೆ ಹೋಯಿತೆಂದು ಅಲ್ಲಿದ್ದವರಿಗೆ ಹೇಳಿದೆ.

ಜ್ವರ ಬಂದ ಹಾಗೆಯೇ ಇಳಿಯಿತು. ಬೆಂಚುಗಳು ಒಂದೊಂದಾಗಿ ಶಾಲೆಗೆ ಮರಳಿದವು. ಬೇವಿನ ಹಣ್ಣು ಉದುರುವ ಹೊತ್ತಿಗೆ ದಾಕ್ಷಾಯಣಿ ಕೆಲಸಕ್ಕೆ ಬಂದಳು, ಮೊದಲ ದಿನ ಬರೀ ನಾಲ್ಕು ತಾಸು ಎಂದು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಆ ಸಂಜೆ ಅವಳು ತಾನಾಗಿ ಹಿತ್ತಿಲ ಗೋಡೆಯ ಹತ್ತಿರ ಹೋದಳು. ಆಚೆ ಹುಸೇನಬಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಡಾಕ್ಟರು ಬಾಗಿಲಿಗೆ ಬಂದು ನಿಂತರು, ದುರ್ಗಪ್ಪ ಹೆಗಲ ಮೇಲಿನ ಸಿಲಿಂಡರನ್ನು ಇಳಿಸಿದ. ನಾನು ಕೆಂಪು ಪಟ್ಟೆಯ ಬಟ್ಟೆಯ ಒಂದು ತುದಿಯನ್ನು ದಾಕ್ಷಾಯಣಿಗೆ ಕೊಟ್ಟು ಇನ್ನೊಂದನ್ನು ಗೋಡೆಯ ಆಚೆ ಹಾಕಿದೆ.

'ನನ್ನ ಕಡೆ ಬರಲಿ' ಅಂದಳು ಹುಸೇನಬಿ. ಬಟ್ಟೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕಣ್ಣು ಮುಚ್ಚಿದಳು. ಹತ್ತಿಯನ್ನು ತೂಗುವಾಗ ಹಾಗೆ ಮುಚ್ಚುತ್ತಿದ್ದಳು, ಆದರೆ ಇಷ್ಟು ಹೊತ್ತು ಅಲ್ಲ. ದಾಕ್ಷಾಯಣಿ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನೂ.

"ಬೆಚ್ಚಗೈತಿ," ಅಂದಳು ಹುಸೇನಬಿ, ಎಲ್ಲರಿಗೂ ಕೇಳುವ ಹಾಗೆ. "ಬರೇ ಕೆಲಸದ್ದು."